ಖಾಲಿ ನಮೂನೆಯ ಮೇಲೆ ಮೊಹರು

ಪಿಯುಸಿ ಮುಗಿಸಿದ ಹುಡುಗನ ತಂದೆಯೊಬ್ಬರು ಪತ್ರ ಬರೆದಿದ್ದಾರೆ. ಮಗನಿಗೆ ‘ಪೆನಿಟ್ರೇಷನ್ ಟೆಸ್ಟಿಂಗ್’ ಕಲಿಯುವ ಹುಚ್ಚು ಹತ್ತಿದೆಯಂತೆ. ಕಚೇರಿಗಳ ಕಂಪ್ಯೂಟರ್ ಜಾಲದೊಳಕ್ಕೆ ನುಗ್ಗಿ ತೋರಿಸುವುದೇ ಕೆಲಸ, ಅದಕ್ಕೆ ಸಂಬಳವನ್ನೂ ಕೊಡುತ್ತಾರೆ ಎನ್ನುತ್ತಾನಂತೆ. ‘ಬೀಗ ಒಡೆಯುವ ವಿದ್ಯೆಗೆ ನಾನು ಫೀಸು ಕಟ್ಟಬೇಕೇ? ಎಲ್ಲರೂ ಪಾಸ್‌ವರ್ಡನ್ನು ಗಟ್ಟಿಯಾಗಿ ಇಟ್ಟುಕೊಂಡರೆ ಇಂಥವರ ಅಗತ್ಯವಾದರೂ ಏನು?’ ಎಂದು ಕೇಳಿದ್ದಾರೆ. ಎರಡೂ ಒಳ್ಳೆಯ ಪ್ರಶ್ನೆಗಳೇ. ಎರಡನೆಯದನ್ನು ಮೊದಲು ಬಿಡಿಸೋಣ. ಅದು ಬಿಡಿಸಿಕೊಂಡರೆ ಮೊದಲನೆಯದಕ್ಕೂ ದಾರಿ ಸಿಗುತ್ತದೆ.

ಪಾಸ್‌ವರ್ಡ್ ಒಂದೇ ಸಾಲದು. ದೊಡ್ಡ ಕಚೇರಿಗಳ ಜಾಲದಲ್ಲಿ ಪಾಸ್‌ವರ್ಡನ್ನು ಕೇಳದೆಯೇ ಒಳಗೆ ಬಿಡುವ ಇನ್ನೊಂದು ಬಾಗಿಲು ಇರುತ್ತದೆ. ಅಲ್ಲಿ ತೋರಿಸಬೇಕಾದದ್ದು ಪ್ರಮಾಣಪತ್ರ, ಅಂದರೆ ಸರ್ಟಿಫಿಕೇಟ್. ಶಾಲೆಯಲ್ಲಿ ಕೊಡುವ ಸರ್ಟಿಫಿಕೇಟಿಗೂ ಕಂಪ್ಯೂಟರು ಕೊಡುವ ಸರ್ಟಿಫಿಕೇಟಿಗೂ ಹೆಸರಷ್ಟೇ ಅಲ್ಲ, ಸ್ವಭಾವವೂ ಒಂದೇ. ಬರುವ ರೋಗವೂ ಒಂದೇ ಎಂಬುದು ಇತ್ತೀಚಿನ ವರ್ಷಗಳಲ್ಲಿ ಗೊತ್ತಾಗಿದೆ.

ಜೂನ್ ತಿಂಗಳಲ್ಲಿ ಯಾವುದಾದರೂ ಪ್ರೌಢಶಾಲೆಯ ಕಚೇರಿಗೆ ಹೋಗಿ ನೋಡಿ. ಬಸ್ ಪಾಸಿಗೆ, ವಿದ್ಯಾರ್ಥಿವೇತನಕ್ಕೆ, ಹಾಸ್ಟೆಲಿಗೆ ಎಂದು ವ್ಯಾಸಂಗ ಪ್ರಮಾಣಪತ್ರ ಕೇಳುವ ಮಕ್ಕಳ ಸಾಲು ಬಾಗಿಲಾಚೆಗೂ ನಿಂತಿರುತ್ತದೆ. ನಮೂನೆ ಅಚ್ಚಾಗಿ ಸಿದ್ಧವಿರುತ್ತದೆ. ಹೆಸರು, ತರಗತಿ, ದಾಖಲಾತಿ ಸಂಖ್ಯೆಗಳ ಜಾಗ ಮಾತ್ರ ಖಾಲಿ. ಮುಖ್ಯೋಪಾಧ್ಯಾಯರು ಮೀಟಿಂಗಿಗೆ ಹೊರಡುವ ಅವಸರದಲ್ಲಿ 50 ನಮೂನೆಗಳಿಗೆ ಮೊದಲೇ ಸಹಿ ಹಾಕಿ, ಮೊಹರು ಒತ್ತಿಸಿ ಇಟ್ಟು ಹೋದರು ಎನ್ನಿ. ಗುಮಾಸ್ತರಿಗೆ ಬಿಡುವಿಲ್ಲ. ‘ತಗೊಳ್ಳಪ್ಪ, ಹೆಸರು ನೀನೇ ತುಂಬಿಕೋ’ ಎಂದು ಕೊಟ್ಟುಬಿಟ್ಟರು. ಈಗ ಆ ಹಾಳೆಯ ಮೇಲಿನ ಸಹಿ ನಿಜವಾದದ್ದು, ಮೊಹರು ನಿಜವಾದದ್ದು, ಕಾಗದವೂ ಶಾಲೆಯದೇ. ಭೂತಗನ್ನಡಿ ಹಿಡಿದು ನೋಡಿದರೂ ಅದರಲ್ಲಿ ಖೋಟಾ ಎಂಬುದೇನೂ ಸಿಗುವುದಿಲ್ಲ. ಹೆಸರೊಂದು ಮಾತ್ರ ಆ ಹುಡುಗನ ಕೈ ಹೇಗೆ ಬರೆಯಿತೋ ಹಾಗೆ!

ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಕಂಪ್ಯೂಟರ್ ಜಾಲದ ಕಡೆಗೆ ಬನ್ನಿ.

ಸಾವಿರಾರು ಜನ ಕೆಲಸ ಮಾಡುವ ಬ್ಯಾಂಕು, ಆಸ್ಪತ್ರೆ, ಕಾರ್ಖಾನೆ, ವಿಶ್ವವಿದ್ಯಾಲಯಗಳಲ್ಲಿ ಯಾರು ಯಾರು, ಯಾರಿಗೆ ಯಾವ ಕಡತ ತೆರೆಯುವ ಅಧಿಕಾರವಿದೆ, ಯಾವ ಕಂಪ್ಯೂಟರು ನಮ್ಮದು, ಯಾವುದು ಹೊರಗಿನದು ಎಂಬ ಲೆಕ್ಕವನ್ನೆಲ್ಲ ಒಂದು ದೊಡ್ಡ ದಾಖಲೆಯಲ್ಲಿ ಇಟ್ಟಿರುತ್ತಾರೆ. ಇದಕ್ಕೆ ಡೈರೆಕ್ಟರಿ ಎಂದು ಹೆಸರು. ಶಾಲೆಯ ದಾಖಲಾತಿ ರಿಜಿಸ್ಟರು, ಹಾಜರಿ ಪುಸ್ತಕ, ಬೀಗದ ಕೈಗಳ ಪಟ್ಟಿ ಮೂರನ್ನೂ ಸೇರಿಸಿ ಹೊಲಿದ ಹಾಗೆ. ಮೈಕ್ರೋಸಾಫ್ಟ್ ಕಂಪನಿ 2000ನೇ ಇಸವಿಯಲ್ಲಿ ವಿಂಡೋಸ್ 2000 ಸರ್ವರ್ ಜೊತೆಗೆ ತಂದ ‘ಆಕ್ಟಿವ್ ಡೈರೆಕ್ಟರಿ’ ಇಂಥ ದಾಖಲೆಗಳಲ್ಲಿ ಬಹಳ ಬಳಕೆಯಲ್ಲಿರುವುದು. ಈ ರಿಜಿಸ್ಟರನ್ನು ಇಟ್ಟುಕೊಂಡು ಕಾಯುವ ಕಂಪ್ಯೂಟರಿಗೆ ಡೊಮೈನ್ ಕಂಟ್ರೋಲರ್ ಎನ್ನುತ್ತಾರೆ. ಇದು ಯಾರ ಕೈಗೆ ಸಿಕ್ಕಿತೋ ಇಡೀ ಜಾಲವೇ ಅವರದು.

ಬೆಳಿಗ್ಗೆ ನೌಕರನೊಬ್ಬ ಬಂದು ತನ್ನ ಮೇಜಿನ ಕಂಪ್ಯೂಟರಿನಲ್ಲಿ ಹೆಸರು, ಪಾಸ್‌ವರ್ಡ್ ಒತ್ತಿದಾಗ ಏನಾಗುತ್ತದೆ? ಡೊಮೈನ್ ಕಂಟ್ರೋಲರ್ ಅವನನ್ನು ಗುರುತಿಸಿ ಒಂದು ಟಿಕೆಟ್ ಕೊಡುತ್ತದೆ. ಆಮೇಲೆ ಕಡತಕ್ಕಾಗಲಿ, ಮುದ್ರಣಕ್ಕಾಗಲಿ ಆ ಟಿಕೆಟನ್ನು ತೋರಿಸಿದರಾಯಿತು. ಪದೇ ಪದೇ ಪಾಸ್‌ವರ್ಡ್ ಹೇಳಬೇಕಾಗಿಲ್ಲ. ಬೇರೆ ಏರ್ಪಾಡು ಮಾಡದಿದ್ದರೆ ಟಿಕೆಟಿನ ಆಯುಸ್ಸು 10 ಗಂಟೆ. ಈ ಪದ್ಧತಿಯ ಹೆಸರು ಕರ್ಬರೋಸ್. 1980ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ್ದು. ಗ್ರೀಕ್ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ಹೆಸರನ್ನು ಅದಕ್ಕೆ ಇಟ್ಟರು. (ಋಗ್ವೇದದ ಯಮನಿಗೂ ನಾಲ್ಕು ಕಣ್ಣಿನ ಎರಡು ನಾಯಿಗಳಿವೆ. ಆ ಹೆಸರು ಯಾರಿಗೂ ಹೊಳೆಯಲಿಲ್ಲ ಎನ್ನಿ.)

ಈ ನಾಯಿಗೆ ಪಾಸ್‌ವರ್ಡಿನ ಬದಲು ಪ್ರಮಾಣಪತ್ರ ತೋರಿಸಿದರೂ ನಡೆಯುತ್ತದೆ. ಸ್ಮಾರ್ಟ್ ಕಾರ್ಡ್ ತೂರಿಸಿ ಒಳಹೋಗುವ ಕಚೇರಿಗಳಲ್ಲಿ ಆಗುವುದು ಇದೇ. ಪ್ರಮಾಣಪತ್ರದ ಬಲ ಇರುವುದು ಗಣಿತದಲ್ಲಿ. 89 ಮತ್ತು 97 ಎರಡೂ ಅವಿಭಾಜ್ಯ ಸಂಖ್ಯೆಗಳು. ಗುಣಿಸಿ ಎಂದರೆ ಒಂಬತ್ತನೆಯ ತರಗತಿಯ ಹುಡುಗಿ ಅರ್ಧ ನಿಮಿಷದಲ್ಲಿ 8633 ಎಂದು ಬರೆಯುತ್ತಾಳೆ. ಅದನ್ನು ಬಿಟ್ಟು, 8633ನ್ನು ಕೊಟ್ಟು ‘ಯಾವ ಎರಡು ಸಂಖ್ಯೆಗಳ ಗುಣಲಬ್ಧ?’ ಎಂದು ಕೇಳಿ ನೋಡಿ. ಗಂಟೆ ಬಾರಿಸುವವರೆಗೂ ಭಾಗಿಸುತ್ತಾ ಕೂರಬೇಕಾದೀತು. ಹೋಗುವ ದಾರಿ ಸುಲಭ, ವಾಪಸ್ ಬರುವ ದಾರಿ ಕಷ್ಟ. ರಿವೆಸ್ಟ್, ಶಮೀರ್, ಆಡ್ಲ್‌ಮನ್ ಎಂಬ ಮೂವರು 1977ರಲ್ಲಿ ಇದೇ ಗುಣವನ್ನು ಹಿಡಿದು ಆರ್‌ಎಸ್‌ಎ ಪದ್ಧತಿಯನ್ನು ಕಟ್ಟಿದರು. ಇದರಲ್ಲಿ ಪ್ರತಿಯೊಬ್ಬರಿಗೂ ಎರಡು ಕೀಲಿಗಳು. ಒಂದು ಗುಟ್ಟಿನದು, ಅದರಿಂದ ಸಹಿ ಹಾಕುವುದು. ಇನ್ನೊಂದು ಬಹಿರಂಗದ್ದು, ಅದರಿಂದ ಆ ಸಹಿಯನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಈಗ ಸಾಮಾನ್ಯವಾಗಿ ಬಳಸುವ 2048 ಬಿಟ್‌ಗಳ ಕೀಲಿಯಲ್ಲಿರುವ ಸಂಖ್ಯೆಯನ್ನು ಬರೆದರೆ 617 ಅಂಕಿಗಳಾಗುತ್ತವೆ.

ಆದರೆ ಬಹಿರಂಗ ಕೀಲಿಯೊಂದು ಕೈಗೆ ಸಿಕ್ಕಾಗ ಅದು ಯಾರದು ಎಂದು ತಿಳಿಯುವುದು ಹೇಗೆ? ನಂಬಿಕಸ್ಥರೊಬ್ಬರು ‘ಈ ಕೀಲಿ ಇಂಥವರದು’ ಎಂದು ಬರೆದು ತಮ್ಮ ಸಹಿ ಹಾಕಿಕೊಟ್ಟರೆ ಸಾಕು ಎಂಬ ಉಪಾಯ ಹೊಳೆದದ್ದು ಲೋರೆನ್ ಕೋನ್‌ಫೆಲ್ಡರ್ ಎಂಬ ವಿದ್ಯಾರ್ಥಿಗೆ. 1978ರಲ್ಲಿ ಎಂಐಟಿಯಲ್ಲಿ ಪದವಿಗಾಗಿ ಬರೆದ ಪ್ರಬಂಧದಲ್ಲಿ ಅದನ್ನು ಮುಂದಿಟ್ಟರು. ಡಾಕ್ಟರೇಟ್ ಅಲ್ಲ, ಬರಿಯ ಬಿಎಸ್ಸಿ ಮಟ್ಟದ ಪದವಿ! ಇಂದು ಬ್ಯಾಂಕಿನ ತಾಣ ತೆರೆದಾಗಲೆಲ್ಲ ತೆರೆಮರೆಯಲ್ಲಿ ಕೆಲಸ ಮಾಡುವುದು ಅದೇ ಉಪಾಯ. ಹೀಗೆ ಪ್ರಮಾಣಪತ್ರಕ್ಕೆ ಸಹಿ ಹಾಕಿ ಕೊಡುವ ಸರ್ವರನ್ನು ಪ್ರಮಾಣೀಕರಣ ಪ್ರಾಧಿಕಾರ ಎನ್ನೋಣ. ಮೈಕ್ರೋಸಾಫ್ಟಿನ ಡೈರೆಕ್ಟರಿಯಲ್ಲೂ ಇಂಥದೊಂದು ಪ್ರಾಧಿಕಾರವನ್ನು ಕಚೇರಿಯವರು ತಾವೇ ಸ್ಥಾಪಿಸಿಕೊಳ್ಳಬಹುದು. ಅದು ನಮೂನೆಗಳನ್ನು ಇಟ್ಟುಕೊಂಡು ಕೇಳಿದವರಿಗೆ ಪ್ರಮಾಣಪತ್ರ ಕೊಡುತ್ತದೆ.

2021ರ ಜೂನ್‌ನಲ್ಲಿ ಅಮೆರಿಕದ ಸ್ಪೆಕ್ಟರ್‌ಆಪ್ಸ್ ಸಂಸ್ಥೆಯ ವಿಲ್ ಶ್ರೋಡರ್ ಮತ್ತು ಲೀ ಕ್ರಿಸ್ಟೆನ್ಸನ್ ಈ ನಮೂನೆಗಳ ಮೇಲೆ ನೂರು ಪುಟ ಮೀರಿದ ವರದಿಯೊಂದನ್ನು ಪ್ರಕಟಿಸಿದರು. ಅದರ ಹೆಸರು ‘ಸರ್ಟಿಫೈಡ್ ಪ್ರೀ-ಓನ್ಡ್’. ಕಂಪನಿಯೇ ಪರೀಕ್ಷಿಸಿ ಮಾರುವ ಸೆಕೆಂಡ್ ಹ್ಯಾಂಡ್ ಕಾರಿಗೆ ಅಲ್ಲಿ ಹಾಗೆ ಹೇಳುತ್ತಾರೆ. ನಿಮಗಿಂತ ಮೊದಲೇ ಬೇರೊಬ್ಬ ಯಜಮಾನ ಇದ್ದ ಎಂಬ ಕುಹಕ ಅದರಲ್ಲಿದೆ. ಅವರು ಕಂಡುಕೊಂಡ ತಪ್ಪುಗಳಲ್ಲಿ ಮೊದಲನೆಯದಕ್ಕೆ ಇಎಸ್‌ಸಿ-1 ಎಂದು ಹೆಸರಿಟ್ಟರು. ಅದು ನಮ್ಮ ಜೂನ್ ತಿಂಗಳ ಕಚೇರಿಯ ಕತೆಯೇ. ಒಂದು ನಮೂನೆ ಇದೆ. ಅದನ್ನು ಜಾಲದ ಯಾವ ಸಾಮಾನ್ಯ ನೌಕರನಾದರೂ ಕೇಳಿ ಪಡೆಯಬಹುದು. ಮೇಲಧಿಕಾರಿಯ ಒಪ್ಪಿಗೆಯೂ ಬೇಕಿಲ್ಲ, ಇನ್ನೊಬ್ಬರ ಸಹಿಯೂ ಬೇಕಿಲ್ಲ. ಆ ಪ್ರಮಾಣಪತ್ರ ತೋರಿಸಿ ಜಾಲದೊಳಗೆ ಹೋಗಬಹುದು. ಇಷ್ಟರವರೆಗೂ ಅಪಾಯವಿಲ್ಲ, ನೌಕರ ತನ್ನ ಹೆಸರಿನಲ್ಲೇ ತಾನೇ ಒಳಗೆ ಹೋಗುವುದು? ಕೊನೆಯದೊಂದು ಗುರುತು ಇದೆ: ‘ಹೆಸರನ್ನು ಅರ್ಜಿದಾರನೇ ತುಂಬಬಹುದು’. ಇದು ಇತ್ತೆಂದರೆ ಮುಗಿಯಿತು. ಬೆರಳಚ್ಚು ಮಾಡುವವನು ಆಡಳಿತಾಧಿಕಾರಿಯ ಹೆಸರು ತುಂಬಿ ಅರ್ಜಿ ಹಾಕುತ್ತಾನೆ. ಪ್ರಾಧಿಕಾರ ಸಹಿ ಹಾಕಿ ಕೊಡುತ್ತದೆ. ಮೂರು ತಲೆಯ ನಾಯಿ ಮೂಸಿ ನೋಡುತ್ತದೆ. ಸಹಿ ಸರಿಯಾಗಿಯೇ ಇದೆ. ಬಾಲ ಅಲ್ಲಾಡಿಸಿ ಆಡಳಿತಾಧಿಕಾರಿಯ ಟಿಕೆಟನ್ನು ಕೊಟ್ಟುಬಿಡುತ್ತದೆ.

ಗಮನಿಸಿ, 617 ಅಂಕಿಯ ಸಂಖ್ಯೆಯನ್ನು ಇಲ್ಲಿ ಯಾರೂ ಒಡೆಯಲಿಲ್ಲ. ಗಣಿತ ಹಾಗೆಯೇ ಭದ್ರವಾಗಿದೆ. ಸೋತದ್ದು ಕಚೇರಿ ಪದ್ಧತಿ.

ಇಂಥ ಗುರುತನ್ನು ಬುದ್ಧಿ ಇರುವವರು ಯಾಕೆ ಹಾಕುತ್ತಾರೆ ಎಂದು ಕೇಳುತ್ತೀರಿ. ಕಾರಣ ಸಾಧುವಾದದ್ದೇ. ಒಂದೇ ವೆಬ್ ಸರ್ವರಿಗೆ ಮೂರು ನಾಲ್ಕು ಹೆಸರುಗಳಿರಬಹುದು. ಅವುಗಳನ್ನು ಅರ್ಜಿಯಲ್ಲೇ ಬರೆಯಲು ಅವಕಾಶವಿರಬೇಕು. ಅದಕ್ಕೆಂದೇ ಮಾಡಿದ ಸೌಲಭ್ಯ ಇದು. ಆ ನಮೂನೆಯನ್ನು ನಕಲು ಮಾಡಿ ಇನ್ನಾವುದೋ ಕೆಲಸಕ್ಕೆ ಹೊಂದಿಸುವಾಗ ಗುರುತು ಹಾಗೆಯೇ ಉಳಿದುಬಿಡುತ್ತದೆ. ಕೆಲಸ ನಡೆಯುತ್ತಿದೆಯಲ್ಲ, ಯಾರು ತಿರುಗಿ ನೋಡುತ್ತಾರೆ? ಹತ್ತು ವರ್ಷ ಹಿಂದೆ ಯಾರೋ ಹಾಕಿದ ಗುರುತು, ಅವರು ಕೆಲಸ ಬಿಟ್ಟು ಹೋದ ಮೇಲೂ ಹಾಗೆಯೇ ಕಾದಿರುತ್ತದೆ.

ಈಗ ಪತ್ರ ಬರೆದ ತಂದೆಯವರ ಪಾಸ್‌ವರ್ಡಿನ ಮಾತಿಗೆ ಬರೋಣ. ಕಳ್ಳ ಒಳಗೆ ಬಂದಿದ್ದಾನೆ ಎಂಬ ಅನುಮಾನ ಬಂತು. ಆಡಳಿತಾಧಿಕಾರಿ ಮೊದಲು ಮಾಡುವ ಕೆಲಸ ಪಾಸ್‌ವರ್ಡ್ ಬದಲಿಸುವುದು. ಬದಲಿಸಿದರು, ನಿಶ್ಚಿಂತೆಯಿಂದ ಮಲಗಿದರು. ಆದರೆ ಕಳ್ಳನ ಬಳಿ ಇರುವುದು ಪಾಸ್‌ವರ್ಡೇ ಅಲ್ಲವಲ್ಲ! ಪ್ರಮಾಣಪತ್ರಕ್ಕೂ ಪಾಸ್‌ವರ್ಡಿಗೂ ಸಂಬಂಧವಿಲ್ಲ. ಬಳಕೆದಾರರಿಗೆಂದು ಮೊದಲಿನಿಂದಲೇ ಬರುವ ನಮೂನೆಯಲ್ಲಿ ಪ್ರಮಾಣಪತ್ರದ ಅವಧಿ 1 ವರ್ಷ. ಅದನ್ನು ಹುಡುಕಿ ರದ್ದುಪಡಿಸದಿದ್ದರೆ ಅಷ್ಟು ಕಾಲವೂ ನಾಯಿ ಅದನ್ನು ಮೂಸಿ ಬಾಗಿಲು ತೆರೆಯುತ್ತಲೇ ಇರುತ್ತದೆ. ಮನೆಯ ಬೀಗ ಬದಲಿಸಿದಿರಿ, ಸರಿ. ಹಿತ್ತಿಲ ಬಾಗಿಲ ಚಿಲಕ ಹಾಕಿದ್ದೀರಾ ಎಂದು ಕೇಳುವವರು ಬೇಕಾಗುವುದು ಈ ಕಾರಣಕ್ಕೆ.

ಇದು ಬರಿಯ ಪ್ರಯೋಗಾಲಯದ ಮಾತಲ್ಲ. 2022ರ ಏಪ್ರಿಲ್‌ನಲ್ಲಿ ಮ್ಯಾಂಡಿಯಂಟ್ ಎಂಬ ಭದ್ರತಾ ಸಂಸ್ಥೆ ಒಂದು ವರದಿ ಹೊರತಂದಿತು. ರಾಯಭಾರ ಕಚೇರಿಗಳಂಥ ಕಡೆ ನುಗ್ಗುವ, ಎಪಿಟಿ-29 ಎಂದು ಕರೆಯುವ ಬೇಹುಗಾರರ ಗುಂಪು ಇದೇ ನಮೂನೆಯ ತಪ್ಪನ್ನು ಬಳಸಿ ಆಡಳಿತಾಧಿಕಾರಿಗಳ ವೇಷ ಹಾಕಿದ್ದನ್ನು ಅದು ದಾಖಲಿಸಿತು. ವರದಿ ಪ್ರಕಟವಾಗಿ ಇನ್ನೂ ಒಂದು ವರ್ಷ ಆಗಿರಲಿಲ್ಲ.

ಅದೇ 2022ರಲ್ಲಿ ಇನ್ನೊಂದು ಹೊರಬಂತು. ನನಗೆ ಮೊದಲನೆಯದಕ್ಕಿಂತ ಇದೇ ಹೆಚ್ಚು ರುಚಿಸಿತು. ಏಕೆಂದರೆ ಇದರಲ್ಲಿ ಕಚೇರಿಯವರ ಅಜಾಗರೂಕತೆ ಏನೂ ಇಲ್ಲ, ತಪ್ಪು ಮೂಲದಲ್ಲೇ ಇತ್ತು. ಕಂಡುಹಿಡಿದವರು ಆಲಿವರ್ ಲ್ಯಾಕ್ ಎಂಬ ಸಂಶೋಧಕರು. ಆಕ್ಟಿವ್ ಡೈರೆಕ್ಟರಿಯಲ್ಲಿ ಒಂದು ಹಳೆಯ ಔದಾರ್ಯವಿದೆ. ಬೇರೆ ಏರ್ಪಾಡು ಮಾಡದಿದ್ದರೆ ಯಾವ ಸಾಮಾನ್ಯ ಬಳಕೆದಾರನೂ 10 ಕಂಪ್ಯೂಟರುಗಳವರೆಗೆ ಜಾಲಕ್ಕೆ ಸೇರಿಸಬಹುದು. ಸೇರಿಸಿದವನಿಗೆ ಆ ಕಂಪ್ಯೂಟರಿನ ದಾಖಲೆಯಲ್ಲಿ ಅದರ ಜಾಲನಾಮವನ್ನು ತಿದ್ದುವ ಅಧಿಕಾರವೂ ಇರುತ್ತದೆ. ಕಂಪ್ಯೂಟರುಗಳಿಗೆ ಕೊಡುವ ಪ್ರಮಾಣಪತ್ರದಲ್ಲಿ ಹೆಸರನ್ನು ಅರ್ಜಿದಾರ ತುಂಬುವಂತಿಲ್ಲ. ಪ್ರಾಧಿಕಾರವೇ ರಿಜಿಸ್ಟರು ನೋಡಿ ತುಂಬುತ್ತದೆ. ಎಷ್ಟು ಭದ್ರ, ಅಲ್ಲವೇ? ಆದರೆ ರಿಜಿಸ್ಟರಿನಲ್ಲೇ ಹೆಸರು ತಿದ್ದಿದರೆ? ಹೊಸದಾಗಿ ಸೇರಿಸಿದ ಕಂಪ್ಯೂಟರಿನ ಜಾಲನಾಮದ ಜಾಗದಲ್ಲಿ ಡೊಮೈನ್ ಕಂಟ್ರೋಲರಿನ ಹೆಸರನ್ನೇ ಬರೆದು ಅರ್ಜಿ ಹಾಕಿದರು. ಪ್ರಾಧಿಕಾರ ನಿಷ್ಠೆಯಿಂದ ರಿಜಿಸ್ಟರು ನೋಡಿತು, ಅಲ್ಲಿದ್ದ ಹೆಸರನ್ನೇ ಬರೆದುಕೊಟ್ಟಿತು. ಕೈಗೆ ಬಂದದ್ದು ಡೊಮೈನ್ ಕಂಟ್ರೋಲರಿನ ಪ್ರಮಾಣಪತ್ರ!

ಮೈಕ್ರೋಸಾಫ್ಟ್ 2022ರ ಮೇ 10ರಂದು ಇದಕ್ಕೆ ತಿದ್ದುಪಡಿ ಹೊರಡಿಸಿತು. ಏನು ಮಾಡಿದರು? ನಮ್ಮ ಗುಮಾಸ್ತರಿಗೆ ಎಂದಿನಿಂದಲೋ ಗೊತ್ತಿರುವುದನ್ನೇ. ಒಂದೇ ತರಗತಿಯಲ್ಲಿ ಇಬ್ಬರು ಮಂಜುನಾಥರು ಇದ್ದರೆ ವರ್ಗಾವಣೆ ಪತ್ರದಲ್ಲಿ ಗೊಂದಲವಾಗುವುದಿಲ್ಲ. ಹೆಸರಿನ ಜೊತೆಗೆ ದಾಖಲಾತಿ ಸಂಖ್ಯೆ ಇರುತ್ತದೆ. ಅದು ಒಬ್ಬರಿಗೆ ಒಮ್ಮೆ ಕೊಟ್ಟರೆ ಮತ್ತೊಬ್ಬರಿಗೆ ಹೋಗುವುದಿಲ್ಲ. ಡೈರೆಕ್ಟರಿಯಲ್ಲಿಯೂ ಪ್ರತಿ ವ್ಯಕ್ತಿಗೆ, ಪ್ರತಿ ಕಂಪ್ಯೂಟರಿಗೆ ಅಂಥದೊಂದು ಸಂಖ್ಯೆ ಇದೆ. ಆ ಸಂಖ್ಯೆಯನ್ನು ಪ್ರಮಾಣಪತ್ರದಲ್ಲೇ ಸೇರಿಸಿ, ಬಾಗಿಲಲ್ಲಿ ಹೆಸರನ್ನಷ್ಟೇ ಅಲ್ಲದೆ ಸಂಖ್ಯೆಯನ್ನೂ ತಾಳೆ ನೋಡುವ ಏರ್ಪಾಡು ಮಾಡಿದರು. ತಿದ್ದುಪಡಿ ಹಾಕಿದ ಕೆಲವು ಕಡೆ ನ್ಯಾಯವಾಗಿ ಬಂದವರಿಗೂ ಬಾಗಿಲು ತೆರೆಯಲಿಲ್ಲ. ಅದೇ ತಿಂಗಳು ತಿದ್ದುಪಡಿಗೊಂದು ತಿದ್ದುಪಡಿ ಬಂತು. ಹಳೆಯ ಪ್ರಮಾಣಪತ್ರಗಳಿಗೆ ಕಾಲಾವಕಾಶ ಕೊಡುತ್ತಾ ಕೊಡುತ್ತಾ, ತಾಳೆ ನೋಡುವುದನ್ನು ಪೂರ್ತಿ ಕಡ್ಡಾಯ ಮಾಡುವ ಹೊತ್ತಿಗೆ 2025 ಬಂದಿತ್ತು. ನಡೆಯುತ್ತಿರುವ ಕಚೇರಿಯ ಪದ್ಧತಿ ಬದಲಿಸುವುದು ಎಷ್ಟು ಕಷ್ಟ ಎಂಬುದು ಸರ್ಕಾರಿ ನೌಕರಿಯಲ್ಲಿರುವ ಪೋಷಕರಿಗೆ ಹೇಳಬೇಕಾಗಿಲ್ಲ.

ಕಚೇರಿಯೊಳಗಿನ ಪ್ರಾಧಿಕಾರದ ಮಾತು ಹೀಗಾದರೆ, ಲೋಕಕ್ಕೆಲ್ಲ ಪ್ರಮಾಣಪತ್ರ ಕೊಡುವ ದೊಡ್ಡ ಪ್ರಾಧಿಕಾರಗಳೂ ಎಡವಿವೆ. 2011ರಲ್ಲಿ ನೆದರ್ಲೆಂಡ್ಸಿನ ಡಿಜಿನೋಟಾರ್ ಎಂಬ ಪ್ರಾಧಿಕಾರಕ್ಕೆ ಕನ್ನ ಹಾಕಿದವರು 500ಕ್ಕೂ ಹೆಚ್ಚು ಸುಳ್ಳು ಪ್ರಮಾಣಪತ್ರಗಳನ್ನು ಮಾಡಿಕೊಂಡರು. ಅದರಲ್ಲಿ ಗೂಗಲ್ ಹೆಸರಿನದೊಂದನ್ನು ಬಳಸಿ ಇರಾನಿನ ಜನರ ಅಂಚೆಯನ್ನು ನಡುದಾರಿಯಲ್ಲಿ ತೆರೆದು ನೋಡಲಾಯಿತು. ಅದೇ ಸೆಪ್ಟೆಂಬರ್‌ನಲ್ಲಿ ಡಿಜಿನೋಟಾರ್ ದಿವಾಳಿಯಾಯಿತು. ನಮ್ಮ ದೇಶದ್ದೂ ಒಂದಿದೆ. 2014ರ ಜುಲೈನಲ್ಲಿ ಕೇಂದ್ರ ಸರ್ಕಾರದ ಎನ್‌ಐಸಿಯ ಪ್ರಮಾಣೀಕರಣ ಪ್ರಾಧಿಕಾರದಿಂದ ಗೂಗಲ್ಲಿನ ತಾಣಗಳ ಹೆಸರಿಗೆ ಅನಧಿಕೃತ ಪ್ರಮಾಣಪತ್ರಗಳು ಹೊರಟಿದ್ದು ಗೂಗಲ್ ಕಣ್ಣಿಗೆ ಬಿತ್ತು. ಇಂಥ ಸಂಸ್ಥೆಗಳ ಮೇಲಿನ ನಿಯಂತ್ರಕರು ಕೂಡಲೇ ಆ ಪ್ರಾಧಿಕಾರದ ಅಧಿಕಾರಪತ್ರಗಳನ್ನೇ ರದ್ದುಪಡಿಸಿದರು.

ಇನ್ನು ಮೊದಲನೆಯ ಪ್ರಶ್ನೆ. ಇದು ಬೀಗ ಒಡೆಯುವ ವಿದ್ಯೆಯೇ? ಹೌದು, ಮುಚ್ಚಿಡುವುದು ಬೇಡ. ಪರೀಕ್ಷಕ ಮಾಡುವ ಕೆಲಸಕ್ಕೂ ಕಳ್ಳ ಮಾಡುವ ಕೆಲಸಕ್ಕೂ ಕೈಚಳಕದಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಹೊರಡುವ ಮೊದಲು ಕೈಯಲ್ಲಿರುವ ಕಾಗದದಲ್ಲಿ. ಯಾವ ಜಾಲ, ಯಾವ ದಿನದಿಂದ ಯಾವ ದಿನದವರೆಗೆ, ಏನನ್ನು ಮುಟ್ಟಬಹುದು, ಏನನ್ನು ಮುಟ್ಟಬಾರದು ಎಂದು ಬರೆದು ಮಾಲೀಕರು ಕೊಟ್ಟ ಅನುಮತಿ ಅದು. ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೆಯ ಕಲಮು ಶುರುವಾಗುವುದೇ ಮಾಲೀಕನ ಅಥವಾ ಉಸ್ತುವಾರಿ ಹೊತ್ತವನ ಅನುಮತಿ ಇಲ್ಲದೆ ಕಂಪ್ಯೂಟರನ್ನೋ ಜಾಲವನ್ನೋ ಪ್ರವೇಶಿಸುವ ಮಾತಿನಿಂದ. ಅದನ್ನೇ ಅಪ್ರಾಮಾಣಿಕತೆಯಿಂದ, ವಂಚನೆಯಿಂದ ಮಾಡಿದರೆ 66ನೆಯ ಕಲಮಿನ ಪ್ರಕಾರ 3 ವರ್ಷದವರೆಗೆ ಸೆರೆವಾಸ, ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ‘ಸುಮ್ಮನೆ ತಮಾಷೆಗೆ ಕಾಲೇಜಿನ ಸರ್ವರ್ ನೋಡಿದೆ’ ಎಂದು ಹೇಳುವ ಹುಡುಗರಿದ್ದಾರೆ. ತಮಾಷೆಗೆ ನೋಡಿದವನಿಂದಲೂ ನಷ್ಟ ಪರಿಹಾರ ಕೇಳಲು 43ನೆಯ ಕಲಮಿನಲ್ಲಿ ಅವಕಾಶವಿದೆ.

ಕಾಗದವಿದ್ದರೂ ಸಾಲದು, ಕೊಟ್ಟವರಿಗೆ ಅದನ್ನು ಕೊಡುವ ಅಧಿಕಾರ ಇರಬೇಕು. ಅಮೆರಿಕದ ಅಯೋವಾ ರಾಜ್ಯದಲ್ಲಿ 2019ರ ಸೆಪ್ಟೆಂಬರ್ 11ರ ನಡುರಾತ್ರಿ ಕಳೆದ ಮೇಲೆ ಕೋಲ್‌ಫೈರ್ ಎಂಬ ಸಂಸ್ಥೆಯ ಇಬ್ಬರು ಪರೀಕ್ಷಕರು ಡಲ್ಲಾಸ್ ಕೌಂಟಿಯ ನ್ಯಾಯಾಲಯದ ಕಟ್ಟಡದೊಳಗೆ ಹೋದರು. ರಾಜ್ಯದ ನ್ಯಾಯಾಂಗ ಆಡಳಿತವೇ ಕಟ್ಟಡಗಳ ಭದ್ರತೆ ಪರೀಕ್ಷಿಸಿ ಎಂದು ಒಪ್ಪಂದ ಮಾಡಿಕೊಂಡಿತ್ತು, ಪತ್ರವೂ ಜೇಬಿನಲ್ಲಿತ್ತು. ಎಚ್ಚರಿಕೆ ಗಂಟೆ ಬಾರಿಸಿತು, ಪೊಲೀಸರು ಬಂದರು, ಇವರು ಪತ್ರ ತೋರಿಸಿದರು. ಆದರೆ ಕಟ್ಟಡ ಕೌಂಟಿಗೆ ಸೇರಿದ್ದು, ಅದರೊಳಗೆ ನುಗ್ಗಲು ಅನುಮತಿ ಕೊಡಲು ರಾಜ್ಯದವರು ಯಾರು ಎಂದು ಅಲ್ಲಿನ ಷೆರಿಫ್ ಬಂಧಿಸಿಯೇಬಿಟ್ಟರು. ಕನ್ನ ಹಾಕಿದ ಆರೋಪ, ತಲಾ 50,000 ಡಾಲರ್ ಜಾಮೀನು. ಆರೋಪ ಪೂರ್ತಿ ಬಿದ್ದುಹೋಗುವ ಹೊತ್ತಿಗೆ 2020ರ ಜನವರಿ ಕೊನೆ ಬಂದಿತ್ತು. ಪ್ರಮಾಣಪತ್ರದ ಕತೆಯನ್ನು ಇಷ್ಟು ಹೊತ್ತು ಓದಿದವರಿಗೆ ಇದು ಹೊಸದಲ್ಲ. ಸಹಿ ನಿಜ. ಸಹಿ ಹಾಕಿದವರಿಗೆ ಆ ಬಾಗಿಲ ಮೇಲೆ ಅಧಿಕಾರವಿತ್ತೇ ಎಂಬುದೇ ಪ್ರಶ್ನೆ.

ಮೊದಲು ಹೇಳಿದ ಶ್ರೋಡರ್, ಕ್ರಿಸ್ಟೆನ್ಸನ್ ಜೋಡಿಯ ನಡತೆಯನ್ನೂ ಈ ತಂದೆಯವರು ಗಮನಿಸಬೇಕು. ವರದಿಯ ಜೊತೆಗೇ ಅವರು ಒಂದು ಉಪಕರಣ ಕೊಟ್ಟರು; ಕಚೇರಿಯವರು ತಮ್ಮ ನಮೂನೆಗಳಲ್ಲಿ ತಪ್ಪು ಇದೆಯೇ ಎಂದು ತಾವೇ ನೋಡಿಕೊಳ್ಳಲು ಅದು ಬೇಕಾಗಿತ್ತು. ತಪ್ಪನ್ನು ಬಳಸಿ ಒಳನುಗ್ಗುವ ಉಪಕರಣಗಳನ್ನು ಮಾತ್ರ ಆಗಸ್ಟ್ ತಿಂಗಳ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದವರೆಗೆ ತಡೆದಿಟ್ಟರು. ಅಷ್ಟೂ ತಡೆಯಬೇಕಿತ್ತು, ಬಿಡುಗಡೆಯನ್ನೇ ಮಾಡಬಾರದಿತ್ತು ಎನ್ನುವವರೂ ಇದ್ದಾರೆ. ನನ್ನ ಅಭಿಪ್ರಾಯ ಬೇರೆ. ಬೇಹುಗಾರರಿಗೆ ತಮ್ಮ ಉಪಕರಣ ತಾವೇ ಮಾಡಿಕೊಳ್ಳುವ ಹಣವೂ ಸಮಯವೂ ಇರುತ್ತದೆ. ಇಲ್ಲದಿರುವುದು ಇಬ್ಬರೇ ಕಂಪ್ಯೂಟರ್ ಸಿಬ್ಬಂದಿ ಇರುವ ಜಿಲ್ಲಾ ಆಸ್ಪತ್ರೆಗೆ. ನಿಜವಾಗಿ ನುಗ್ಗಿ ತೋರಿಸದ ಹೊರತು ಆ ಆಸ್ಪತ್ರೆಯ ಆಡಳಿತ ದುರಸ್ತಿಗೆ ಹಣ ಬಿಡುಗಡೆ ಮಾಡುವುದಿಲ್ಲ. ಹಾಗಾಗಿ ಫೀಸು ಕಟ್ಟಬಹುದು; ಆದರೆ ಬರಿಯ ಉಪಕರಣದ ಗುಂಡಿ ಒತ್ತುವುದನ್ನು ಕಲಿಸುವ ಕಡೆ ಬೇಡ. ವರದಿ ಬರೆಯುವುದನ್ನು, ದುರಸ್ತಿ ಹೇಗೆಂದು ವಿವರಿಸುವುದನ್ನು ಕಲಿಸುತ್ತಾರೆಯೇ ಎಂದು ಸೇರಿಸುವ ಮೊದಲು ಕೇಳಿ.

ಹುಡುಗನಿಗೆ ಒಂದು ಮಾತು. ನಿನಗೆ ಬೇರೆಯವರ ಜಾಲ ಬೇಕಾಗಿಯೇ ಇಲ್ಲಪ್ಪ. ವಿಂಡೋಸ್ ಸರ್ವರನ್ನು 180 ದಿನ ಪರೀಕ್ಷಿಸಿ ನೋಡಲು ಮೈಕ್ರೋಸಾಫ್ಟ್ ಪುಕ್ಕಟೆ ಕೊಡುತ್ತದೆ. ಒಂದೇ ಕಂಪ್ಯೂಟರಿನೊಳಗೆ ಎರಡು ಮೂರು ಕಾಲ್ಪನಿಕ ಕಂಪ್ಯೂಟರುಗಳನ್ನು ಓಡಿಸುವ ತಂತ್ರಾಂಶವೂ ಪುಕ್ಕಟೆ ಸಿಗುತ್ತದೆ. ಒಂದನ್ನು ಡೊಮೈನ್ ಕಂಟ್ರೋಲರ್ ಮಾಡು, ಪ್ರಾಧಿಕಾರವನ್ನೂ ಸ್ಥಾಪಿಸು, ತಪ್ಪು ಗುರುತಿರುವ ನಮೂನೆಯೊಂದನ್ನು ನೀನೇ ಸೃಷ್ಟಿಸು. ಒಳಗೆ ಹೋದ ಮೇಲೆ ಪಾಸ್‌ವರ್ಡ್ ಬದಲಿಸಿ ನೋಡು, ಬಾಗಿಲು ಮುಚ್ಚುತ್ತದೆಯೇ ಎಂದು. ಆಮೇಲೆ ಆ ಗುರುತನ್ನು ತೆಗೆದು, ಕೊಟ್ಟ ಪ್ರಮಾಣಪತ್ರವನ್ನು ರದ್ದುಪಡಿಸಿ, ಮತ್ತೆ ಪ್ರಯತ್ನಿಸು. ಎಲ್ಲವನ್ನೂ ತಾರೀಖು ಹಾಕಿ ನೋಟ್ ಪುಸ್ತಕದಲ್ಲಿ ಬರೆ. ಮೊದಲ ಸಲ ಟಿಕೆಟೇ ಸಿಗದಿದ್ದರೆ ಗಾಬರಿಯಾಗಬೇಡ, ಎರಡೂ ಕಂಪ್ಯೂಟರುಗಳ ಗಡಿಯಾರ ನೋಡು. 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಆ ಮೂರು ತಲೆಯ ನಾಯಿ ಯಾರನ್ನೂ ಒಳಗೆ ಬಿಡುವುದಿಲ್ಲ.